ಕರ್ನಾಟಕದ ಜೈನ ದಂಡನಾಯಕರು ಮತ್ತು ಅವರ ಪದವಿಗಳು

ಅಹಿಂಸೆಯೇ ಪರಮಧರ್ಮವೆಂದು ನಂಬಿದ ಜೈನರಿಗೂ ದಂಡು-ದಾಳಿಗಳಿಗೂ ಏನು ಸಂಬಂಧವೆಂದು ಅನ್ಯರು ಕೇಳುವುದುಂಟು. ಸೈನ್ಯಕ್ಕೆ ಸೇರಬೇಕೆಂಬ ಆಸೆಯುಳ್ಳ ನಮ್ಮ ತರುಣರನ್ನು ಮನೆಯ ಹಿರಿಯರು ಇದೇ ಪ್ರಶ್ನೆಯಿಂದ ತಡೆಯುವುದೂ ಉಂಟು. ಇದಕ್ಕೆ ನಮ್ಮ ಪುರಾಣಗಳೂ ನಮ್ಮ ನಾಡಿನ ಶಾಸನಗಳೂ ಎಂದೋ ಉತ್ತರವಿತ್ತಿವೆ. ಪ್ರತಿಷ್ಠಾ ಮಹೋತ್ಸವದ ಈ ಶುಭ ಸಂದರ್ಭದಲ್ಲಿ ಅದನ್ನು ಧರ್ಮಬಂಧುಗಳ ಮುಂದೆ ಸಂಕ್ಷೇಪವಾಗಿ ಇಡುವುದೇ ಈ ಲೇಖನದ ಉದ್ದೇಶ.

ಭಗವಾನ್ ಆದಿನಾಥರು ಪ್ರಜೆಗಳಿಗೆ ಬೋಧಿಸಿದ ಷಟ್ಕರ್ಮಗಳು ಅಸಿ, ಮಸಿ, ಕೃಷಿ, ವಿದ್ಯಾ, ವಾಣಿಜ್ಯ, ಶಿಲ್ಪ ಎಂಬವು. ಇವುಗಳಲ್ಲಿ ಅಸಿ, ಅಂದರೆ ಖಡ್ಗವೃತ್ತಿ, ಮೊದಲನೆಯದು; ನಮ್ಮಂಥವರ ವಾಣಿಜ್ಯ ಐದನೆಯದು. ಹಿಂಸೆಯನ್ನು ನಮ್ಮ ಆಚಾರ್ಯರು ಸಂಕಲ್ಪೀ, ಆರಂಭೀ, ಉದ್ಯಮೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆ ಗೃಹಸ್ಥನಿಗೆ ಸರ್ವಥಾ ತ್ಯಾಜ್ಯ. ನಾಡಿನ ರಕ್ಷಣೆಗಾಗಿ ಆಕ್ರಮಣಕಾರನನ್ನು ಎದುರಿಸುವಾಗ ಒದಗುವ ವಿರೋಧೀ ಹಿಂಸೆಯನ್ನು ಅಣುವ್ರತಿಯು ಪೂರ್ಣವಾಗಿ ಬಿಡಲಾರನೆಂದು ಅವರು ಒಪ್ಪಿದ್ದಾರೆ. ಭರತ ಚಕ್ರವರ್ತಿಯ ಹದಿನಾಲ್ಕು ರತ್ನಗಳಲ್ಲಿ ಸೇನಾಪತಿಯೂ ಒಂದು. ಆ ಸೇನಾಪತಿಯಾದ ಜಯಕುಮಾರನು ವೀರಪಟ್ಟವನ್ನೂ ಮೇಘೇಶ್ವರನೆಂಬ ಬಿರುದನ್ನೂ ಪಡೆದು, ಕಡೆಗೆ ಎಲ್ಲವನ್ನೂ ತೊರೆದು ಆದಿನಾಥರ ಗಣಧರರಲ್ಲಿ ಒಬ್ಬನಾದನು.

ಇನ್ನು ಶಾಸನಗಳ ಮಾತು. ಪ್ರಾಚೀನ ಕರ್ನಾಟಕದ ಸೈನ್ಯದಲ್ಲಿ ಪದವಿಗಳ ಕ್ರಮವೊಂದಿತ್ತು. ಕೆಳಗೆ ಆಳು, ಬಂಟ, ಒಡೆಯನಿಗೆ ಪ್ರಾಣವನ್ನೇ ಮುಡಿಪಿಟ್ಟ ಲೆಂಕ. ಅವರ ಮೇಲೆ ನಾಯಕ, ಪಡೆವಳ. ಇವರೆಲ್ಲರ ಮೇಲೆ ದಂಡನಾಯಕ. ಆಡುಮಾತಿನಲ್ಲಿ ಈತನೇ ದಣ್ಣಾಯಕ. ಹಿರಿಯ ದಂಡನಾಯಕನಿಗೆ ಮಹಾಪ್ರಧಾನ, ಮಹಾಪ್ರಚಂಡದಂಡನಾಯಕ ಎಂಬ ವಿಶೇಷಣಗಳು ಸೇರುತ್ತಿದ್ದವು. ನಾಡನ್ನು ಆಳುವವರ ಸಾಲು ಬೇರೆ: ಸಾಮಂತ, ಮಹಾಸಾಮಂತ, ಮಹಾಮಂಡಲೇಶ್ವರ. ಐದು ಬಗೆಯ ಮಂಗಳವಾದ್ಯಗಳನ್ನು ನುಡಿಸಿಕೊಳ್ಳುವ ಹಕ್ಕು ದೊರೆತವನು ‘ಸಮಧಿಗತ ಪಂಚಮಹಾಶಬ್ದ’ನೆನಿಸುತ್ತಿದ್ದನು. ಇಂದಿನ ಸೇನಾಧಿಕಾರಿಯ ಭುಜದ ಮೇಲಿನ ನಕ್ಷತ್ರವು ಕಣ್ಣಿಗೆ ತಿಳಿಸುವುದನ್ನು ಅಂದು ವಾದ್ಯಗಳು ಕಿವಿಗೆ ತಿಳಿಸುತ್ತಿದ್ದವು.

ಬಡ್ತಿಗೆ ಇಂದಿನಂತೆ ಸೇವಾವಧಿಯ ಲೆಕ್ಕವಾಗಲಿ ಪರೀಕ್ಷೆಯಾಗಲಿ ಇರಲಿಲ್ಲ. ಕುಲಪರಂಪರೆ ಒಂದು ದಾರಿ. ರಣರಂಗದಲ್ಲಿ ತೋರಿದ ಪರಾಕ್ರಮ ಮತ್ತು ಒಡೆಯನ ಮೆಚ್ಚುಗೆ ಇನ್ನೊಂದು. ಗಂಗರ ಸೇನಾನಿ ಚಾವುಂಡರಾಯನ ಬಿರುದುಗಳೇ ಇದಕ್ಕೆ ಸಾಕ್ಷಿ. 978ರಲ್ಲಿ ರಚಿತವಾದ ಚಾವುಂಡರಾಯಪುರಾಣದಲ್ಲಿ ಯಾವ ಕಾಳಗಕ್ಕೆ ಯಾವ ಬಿರುದೆಂಬ ವಿವರವಿದೆ. ಖೇಡಗದಲ್ಲಿ ವಜ್ವಲನನ್ನು ಸೋಲಿಸಿದ್ದಕ್ಕೆ ಸಮರಧುರಂಧರ. ಗೋನೂರಿನ ಬಯಲಿನಲ್ಲಿ ನೊಳಂಬರೊಡನೆ ಕಾದಿದ್ದಕ್ಕೆ ವೀರಮಾರ್ತಂಡ. ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನನ್ನು ಎದುರಿಸಿದ್ದಕ್ಕೆ ರಣರಂಗಸಿಂಗ. ತಮ್ಮನಾದ ನಾಗವರ್ಮನನ್ನು ಕೊಂದವನ ಮೇಲೆ ಸೇಡು ತೀರಿಸಿದ್ದಕ್ಕೆ ಸಮರಪರಶುರಾಮ. ಇವುಗಳ ಜೊತೆಗೆ, ಹಾಸ್ಯಕ್ಕೂ ಸುಳ್ಳಾಡದವನೆಂಬ ಕಾರಣದಿಂದ ಬಂದ ಸತ್ಯಯುಧಿಷ್ಠಿರನೆಂಬ ಬಿರುದೂ ಸೇರಿದೆ. ಇಂದು ಶ್ರವಣಬೆಳಗೊಳಕ್ಕೆ ಹೋಗುವ ಲಕ್ಷಾಂತರ ಯಾತ್ರಿಕರಲ್ಲಿ ಗೋನೂರಿನ ಕಾಳಗವನ್ನು ಬಲ್ಲವರು ವಿರಳ. ಗೊಮ್ಮಟನನ್ನು ನಿಲ್ಲಿಸಿದವನು ಚಾವುಂಡರಾಯನೆಂದು ಬಲ್ಲವರು ಎಲ್ಲರೂ.

ನಮ್ಮ ಹಳೆಯ ಧಾರವಾಡ ಜಿಲ್ಲೆಯ ಸೀಮೆಯೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಇಂದು ಗದಗ ಜಿಲ್ಲೆಗೆ ಸೇರಿರುವ ನರಗುಂದ ತಾಲೂಕಿನ ಕೊಣ್ಣೂರಿನ ಶಾಸನವು ರಾಷ್ಟ್ರಕೂಟ ಅಮೋಘವರ್ಷನ ಸೇನಾನಿ ಬಂಕೆಯನ ಚರಿತ್ರೆಯನ್ನು ಹೇಳುತ್ತದೆ. ಅದರಲ್ಲಿ ಉಕ್ತವಾದ ದಾನದ ಕಾಲ 860. ಬನವಾಸಿಯ ಆಡಳಿತವನ್ನು ಪಡೆದಿದ್ದ ಈತನು ಗಂಗವಾಡಿಯ ಮೇಲೆ ದಂಡೆತ್ತಿ ಹೋಗಿ ಕೇದಳದ ಕೋಟೆಯನ್ನು ಹಿಡಿದು ಕಾವೇರಿಯನ್ನು ದಾಟಿದ್ದನು. ಅಷ್ಟರಲ್ಲಿ ರಾಜಧಾನಿಯ ಕಡೆ ಒಳಜಗಳವೆದ್ದಿತು. ರಾಜಪುತ್ರನೇ ಬಂಡಾಯಗಾರರನ್ನು ಕೂಡಿಕೊಂಡನು. ದೊರೆಯ ಕರೆಗೆ ಮರಳಿದ ಬಂಕೆಯನು ಮೂರು ತಿಂಗಳೊಳಗೆ ಶತ್ರುಗಳನ್ನು ಗೆಲ್ಲದಿದ್ದರೆ ಅಗ್ನಿಪ್ರವೇಶ ಮಾಡುವೆನೆಂದು ಪ್ರತಿಜ್ಞೆಗೈದು, ಅದರಂತೆ ಗೆದ್ದನು. ಇಂಥ ಸೇವೆಗೆ ಮೆಚ್ಚಿದ ದೊರೆಯಲ್ಲಿ ಆತನು ಬೇಡಿದ್ದು ಹೊಸ ನಾಡನ್ನಲ್ಲ. ಕೊಳನೂರಿನಲ್ಲಿ, ಎಂದರೆ ಇದೇ ಕೊಣ್ಣೂರಿನಲ್ಲಿ, ತಾನು ಕಟ್ಟಿಸಿದ ಜಿನಾಲಯಕ್ಕೆ ತಲೆಯೂರೆಂಬ ಗ್ರಾಮವನ್ನು. ಆತನ ಹೆಸರಿನಿಂದಲೇ ಬಂಕಾಪುರವಾಯಿತು. ಆತನ ಮಗ ಲೋಕಾದಿತ್ಯನು ಅಲ್ಲಿ ಆಳುತ್ತಿದ್ದಾಗ, ಶಕ 820 (ಕ್ರಿ.ಶ. 898)ರಲ್ಲಿ ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಪೂಜೆ ಸಂದಿತು.

ಹುಬ್ಬಳ್ಳಿಗೆ ಸಮೀಪದ ಅಣ್ಣಿಗೇರಿಯ ಸಂಗತಿಯೂ ಸ್ಮರಣೀಯ. ಗಂಗ ಬೂತುಗನು ಅಲ್ಲಿ ಕಟ್ಟಿಸಿದ್ದ ಗಂಗಪೆರ್ಮಾಡಿ ಬಸದಿಯು ಚೋಳರ ದಾಳಿಯಲ್ಲಿ ನಾಶವಾಯಿತು. ಬೆಳ್ವೊಲ-300 ಮತ್ತು ಪುಲಿಗೆರೆ-300ಗಳನ್ನು ಆಳುತ್ತಿದ್ದ ಮಹಾಮಂಡಲೇಶ್ವರ ಲಕ್ಷ್ಮರಸನು ಅದನ್ನು ಜೀರ್ಣೋದ್ಧಾರಗೊಳಿಸಿ, ಬಿಟ್ಟುಹೋಗಿದ್ದ ದತ್ತಿಯನ್ನು ಮತ್ತೆ ನಡೆಸಿದನೆಂದು ಗಾವರವಾಡದ 1071ರ ಶಾಸನ ತಿಳಿಸುತ್ತದೆ. ಲಕ್ಕುಂಡಿಯಲ್ಲಿ 1007ರಲ್ಲಿ ಬಸದಿಯನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯೂ ಸೇನಾನಿಗಳ ಮನೆತನದವಳೇ. ಪತಿ ನಾಗದೇವನು ಚಾಲುಕ್ಯರ ಸೇನಾನಿಯಾಗಿ ಮಡಿದನು. ಮಗನು ಪಡೆವಳ ತೈಲನೆಂದು ಪದವಿಯ ಹೆಸರಿನಿಂದಲೇ ಪ್ರಸಿದ್ಧನಾದನು.

ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಪಂಚಮಹಾಶಬ್ದ, ಮಹಾಸಾಮಂತಾಧಿಪತಿ, ಮಹಾಪ್ರಚಂಡದಂಡನಾಯಕ ಈ ಮೂರನ್ನೂ ಪಡೆದವನು. ಚೋಳರಿಂದ ತಲಕಾಡನ್ನು ಗೆದ್ದವನು ಆತನೇ. ಕಣ್ಣೇಗಾಲದಲ್ಲಿ ಚಾಲುಕ್ಯ ಸೈನ್ಯದ ಮೇಲೆ ರಾತ್ರಿ ದಾಳಿಯಿಟ್ಟು ಜಯಿಸಿ ಬಂದಾಗ, ಬೇಕಾದುದನ್ನು ಬೇಡೆಂದು ದೊರೆ ಹೇಳಿದನು. ಗಂಗರಾಜನು ಪರಮ ಎಂಬ ಗ್ರಾಮವನ್ನು ಬೇಡಿ, ತನ್ನ ತಾಯಿಯೂ ಮಡದಿಯೂ ಕಟ್ಟಿಸಿದ ಜಿನಾಲಯಗಳಿಗೆ ಅದನ್ನು ಅರ್ಪಿಸಿದನು. ಆತನ ಬಿರುದುಗಳಲ್ಲೊಂದು ದ್ರೋಹಘರಟ್ಟ, ದ್ರೋಹಿಗಳನ್ನು ಅರೆಯುವ ಬೀಸುಗಲ್ಲು. ತಂದೆಯ ನೆನಪಿಗೆಂದು ಮಗ ಬೊಪ್ಪನು 1133ರಲ್ಲಿ ಹಳೇಬೀಡಿನಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಗೆ ಇದೇ ಹೆಸರನ್ನಿಟ್ಟನು. ಯುದ್ಧಭೂಮಿಯ ಬಿರುದು ದೇವಾಲಯದ ಹೆಸರಾಗಿ ಶಾಂತವಾಯಿತು.

ಇಂದಿನ ಭಾರತೀಯ ಸೇನೆಯ ಕ್ರಮವನ್ನೂ ನಮ್ಮ ತರುಣರು ತಿಳಿದಿರುವುದು ಒಳಿತು. ಸಿಪಾಯಿ, ಲ್ಯಾನ್ಸ್ ನಾಯಕ್, ನಾಯಕ್, ಹವಾಲ್ದಾರ್, ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್ ಎಂಬುದು ಒಂದು ಸಾಲು. ಮೊಗಲರ ಕಾಲದಲ್ಲಿ ಒಂದು ಪ್ರಾಂತವನ್ನೇ ಆಳುತ್ತಿದ್ದ ಸುಬೇದಾರನು ಕಂಪನಿಯ ದಂಡಿನಲ್ಲಿ ಒಂದು ತುಕಡಿಗೆ ಇಳಿದುದನ್ನು ನೋಡಿದರೆ, ಪದವಿಯ ಹೆಸರಿಗೂ ಏಳುಬೀಳು ಉಂಟೆಂಬುದು ತಿಳಿಯುತ್ತದೆ. ಅಧಿಕಾರಿಗಳ ಸಾಲು ಲೆಫ್ಟಿನೆಂಟನಿಂದ ಮೊದಲಾಗುತ್ತದೆ. 2004ರ ಸುಧಾರಣೆಯಂತೆ 2 ವರ್ಷಕ್ಕೆ ಕ್ಯಾಪ್ಟನ್, 6 ವರ್ಷಕ್ಕೆ ಮೇಜರ್, 13 ವರ್ಷಕ್ಕೆ ಲೆಫ್ಟಿನೆಂಟ್ ಕರ್ನಲ್. ಇಷ್ಟರವರೆಗೆ, ಗೊತ್ತಾದ ಪರೀಕ್ಷೆಗಳಲ್ಲಿ ತೇರ್ಗಡೆಯಾದವರಿಗೆ ಸೇವಾವಧಿಯೇ ಬಡ್ತಿ ತರುತ್ತದೆ. ಕರ್ನಲ್ ಮತ್ತು ಅದಕ್ಕೂ ಮೇಲಿನ ಪದವಿಗಳಿಗೆ ಸಾಮಾನ್ಯವಾಗಿ ಮಂಡಲಿಯ ಆಯ್ಕೆ ಬೇಕು. ಅಲ್ಲಿ ಬಹುಮಂದಿ ನಿಲ್ಲುತ್ತಾರೆ. ಕೊಡಗಿನ ಕೆ. ಎಂ. ಕಾರ್ಯಪ್ಪನವರು 1949ರಲ್ಲಿ ಭಾರತದ ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಫೀಲ್ಡ್ ಮಾರ್ಷಲ್ ಪದವಿ ಅವರಿಗೆ ಸಂದದ್ದು 1986ರಲ್ಲಿ, ನಿವೃತ್ತರಾಗಿ ಮೂರು ದಶಕಗಳು ಕಳೆದ ಮೇಲೆ.

ಕಾಲ ಬದಲಾದರೂ ಪದವಿಯನ್ನು ಅಳೆಯುವ ಒಂದು ಅಳತೆ ಬದಲಾಗಿಲ್ಲ. ಬಂಕೆಯನಿಗೂ ಗಂಗರಾಜನಿಗೂ ಬೇಡುವ ಅವಕಾಶ ದೊರೆಯಿತು. ಇಬ್ಬರೂ ಬಸದಿಗಾಗಿ ಬೇಡಿದರು. ಬನವಾಸಿಯ ಆಡಳಿತ ಅನ್ಯರ ಕೈಸೇರಿತು, ಪಂಚಮಹಾಶಬ್ದದ ವಾದ್ಯಗಳು ಮೌನವಾದವು. ದಾನದ ಶಾಸನಗಳು ಉಳಿದಿವೆ. ಪಂಚಕಲ್ಯಾಣದಲ್ಲಿ ಸೌಧರ್ಮೇಂದ್ರ, ಕುಬೇರ ಮೊದಲಾದ ಪದವಿಗಳನ್ನು ನಾವು ಸವಾಲಿನಲ್ಲಿ ಪಡೆಯುತ್ತೇವೆ. ಆ ಹಣವು ಧರ್ಮಕಾರ್ಯಕ್ಕೇ ಸಲ್ಲುವುದರಿಂದ ಅದು ಸ್ತುತ್ಯವೇ. ಆದರೆ ಮಂಟಪವಿಳಿದ ಮೇಲೂ ಕಿರೀಟದ ಅಭಿಮಾನ ಉಳಿದರೆ ಪುಣ್ಯಕ್ಕೆ ಊನ ಬರುವುದೆಂಬ ಎಚ್ಚರವಿರಲಿ.

ಸೈನ್ಯಕ್ಕೆ ಸೇರಬಯಸುವ ತರುಣರನ್ನು ಧರ್ಮದ ಹೆಸರಿನಲ್ಲಿ ತಡೆಯುವುದು ಸಲ್ಲದು. ಚಾವುಂಡರಾಯನ ವಂಶದ ಮಾತು ನಮ್ಮದಾಗಿರಲಿ. ಅವರಿಗೆ ಹೇಳಬೇಕಾದುದು ಇಷ್ಟೇ. ಸ್ವರ್ಗದಲ್ಲಿಯೂ ಪದವಿಗಳಿವೆ: ಇಂದ್ರ, ಸಾಮಾನಿಕ, ಲೋಕಪಾಲರಿದ್ದಾರೆ, ಸೈನ್ಯದ ಅನೀಕ ದೇವರೂ ಇದ್ದಾರೆ. ಕಲ್ಪಗಳನ್ನು ದಾಟಿ ಗ್ರೈವೇಯಕಕ್ಕೆ ಏರಿದರೆ ಅಲ್ಲಿ ಒಡೆಯನೂ ಇಲ್ಲ, ಆಳೂ ಇಲ್ಲ, ಎಲ್ಲರೂ ಅಹಮಿಂದ್ರರೇ. ದೊರೆತ ಪದವಿಯಲ್ಲಿ ಕರ್ತವ್ಯವನ್ನು ನೆರವೇರಿಸಿ, ಅದನ್ನು ನಿರ್ಮಮತೆಯಿಂದ ಕೆಳಗಿಡಬಲ್ಲವನೇ ಮುಂದಿನ ಮೆಟ್ಟಿಲಿಗೆ ಅರ್ಹನು. ಜಯಕುಮಾರನು ಸೇನಾಪತಿಯ ಪಟ್ಟದಿಂದ ಗಣಧರ ಪದಕ್ಕೆ ಏರಿದ್ದು ಹೀಗೆಯೇ.

ಜೈನಂ ಜಯತು ಶಾಸನಂ.