ಜಿನಬಿಂಬದ ಶಿಲ್ಪಿ ಯಾರು? ಶಾಸನ ಓದುವ ಬಗೆ

ಪ್ರಾಚೀನ ಜಿನಬಿಂಬ ಅಥವಾ ಬಸದಿಯ ಬಗ್ಗೆ ‘ಇದನ್ನು ಮಾಡಿದವರು ಯಾರು?’ ಎಂದು ಕೇಳಿದಾಗ ಸಾಮಾನ್ಯವಾಗಿ ದೊರೆಯುವುದು ದಾನಿಯ ಹೆಸರು. ಶಿಲ್ಪಿಯ ಹೆಸರು ಬೇರೆಯೇ ಇರುತ್ತದೆ. ಇವೆರಡನ್ನೂ ಬೇರ್ಪಡಿಸಲು ಮೊದಲು ಗಮನಿಸಬೇಕಾದದ್ದು ಶಾಸನದ ಕ್ರಿಯಾಪದ.

ಮಾಡಿಸಿದವರು

ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿರುವ ಸುಮಾರು 58 ಅಡಿ ಎತ್ತರದ ಭಗವಾನ್ ಬಾಹುಬಲಿ ಮೂರ್ತಿಯ ಪ್ರತಿಷ್ಠೆಯ ಕಾಲವನ್ನು ಸಾಮಾನ್ಯವಾಗಿ ಕ್ರಿ.ಶ. 981 ಎಂದು ಹೇಳಲಾಗುತ್ತದೆ. ಮೂರ್ತಿಯ ಪಾದಗಳ ಇಕ್ಕೆಲದಲ್ಲಿರುವ ಕಿರುಶಾಸನಗಳು ಕನ್ನಡ, ತಮಿಳು ಮತ್ತು ಮರಾಠಿಯಲ್ಲಿ ಚಾವುಂಡರಾಯನನ್ನು ಹೆಸರಿಸುತ್ತವೆ. ಕನ್ನಡದಲ್ಲಿರುವ ಪದ ‘ಮಾಡಿಸಿದಂ’, ಅಂದರೆ ಬೇರೆಯವರ ಕೈಯಿಂದ ಮಾಡಿಸಿದನು. ಉಳಿದೆರಡು ಭಾಷೆಗಳ ಕ್ರಿಯಾಪದಗಳಿಗೂ ಇದೇ ಅರ್ಥ. ಸುತ್ತಾಲಯವನ್ನು ಹೊಯ್ಸಳ ದಂಡನಾಯಕ ಗಂಗರಾಜ ‘ಮಾಡಿಸಿದಂ’ ಎಂದೂ ಅಲ್ಲಿಯೇ ಇದೆ. ಮೂರ್ತಿಯ ಶಿಲ್ಪಿ ಅರಿಷ್ಟನೇಮಿ ಎಂಬ ಮಾತು ಜನಜನಿತವಾಗಿದೆ. ಆದರೆ ಪಾದಗಳ ಬಳಿಯ ಈ ಕಿರುಶಾಸನಗಳಲ್ಲಿ ಆ ಹೆಸರಿಲ್ಲ.

ಮಾಡಿದವರು

ಎದುರಿನ ಚಂದ್ರಗಿರಿಯ ಚಂದ್ರಗುಪ್ತ ಬಸದಿಯಲ್ಲಿ ಶ್ರುತಕೇವಲಿ ಭದ್ರಬಾಹು ಹಾಗೂ ಚಂದ್ರಗುಪ್ತರ ಜೀವನದ ದೃಶ್ಯಗಳನ್ನು ಕೊರೆದ ಕಲ್ಲಿನ ಜಾಲಂಧ್ರಗಳಿವೆ. ಅಲ್ಲಿ ‘ದಾಸೋಜ’ ಎಂಬ ಹೆಸರು ಕಾಣುತ್ತದೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆ ಶಿಲ್ಪಗಳಲ್ಲಿಯೂ ಬಳ್ಳಿಗಾವೆಯ ದಾಸೋಜನ ಹೆಸರಿದೆ. ಇಬ್ಬರೂ ಒಬ್ಬನೇ ಇರಬಹುದು ಎಂಬುದು ವಿದ್ವಾಂಸರ ಅಭಿಪ್ರಾಯ. ಹೆಸರು ಒಂದೇ ಆದ ಮಾತ್ರಕ್ಕೆ ಇದು ಸಿದ್ಧವಾಗುವುದಿಲ್ಲ. ಅಕ್ಷರಗಳ ರೂಪ, ಕಾಲ, ಕೆತ್ತನೆಯ ಶೈಲಿ ಇವೂ ಹೊಂದಬೇಕು.

ಗಮನಿಸಬೇಕಾದ ಪದಗಳು

• ಮಾಡಿಸಿದಂ: ದಾನಿ ಅಥವಾ ಆಶ್ರಯದಾತ.
• ಮಾಡಿದಂ: ಕೆಲಸ ಮಾಡಿದ ಶಿಲ್ಪಿ.
• ಬರೆದಂ, ಖಂಡರಿಸಿದಂ: ಶಾಸನದ ಕೊನೆಯಲ್ಲಿ ಬಂದರೆ ಅದರ ಪಾಠವನ್ನು ಬರೆದವನು, ಕಲ್ಲಿನಲ್ಲಿ ಕಂಡರಿಸಿದವನು. ಇವನೇ ಬಿಂಬದ ಶಿಲ್ಪಿ ಎಂದು ತಿಳಿಯಬಾರದು.
• ರೂವಾರಿ, ಓಜ, ಆಚಾರಿ: ಹೆಸರಿನೊಡನೆ ಬಂದಾಗ ಕುಶಲಕರ್ಮಿಯ ಸೂಚನೆ.

ಬಸದಿಗಳಲ್ಲಿ ವಹಿಸಬೇಕಾದ ಎಚ್ಚರ

ನೋಂಪಿಯ ಉದ್ಯಾಪನೆಗೆ ಮಾಡಿಸಿದ ಲೋಹಬಿಂಬಗಳ ಪೀಠದಲ್ಲಿ ಹಲವೆಡೆ ಒಂದೆರಡು ಸಾಲಿನ ಬರಹವಿರುತ್ತದೆ. ಹುಣಿಸೆಹಣ್ಣು ಹಾಕಿ ಉಜ್ಜುವುದು, ಪಾಲಿಶ್ ಮಾಡಿಸುವುದು ಇವುಗಳಿಂದ ಅಕ್ಷರಗಳು ಸವೆಯುತ್ತವೆ. ಜೀರ್ಣೋದ್ಧಾರದ ವೇಳೆ ಕಲ್ಲಿನ ಮೇಲೆ ಬಣ್ಣ ಬಳಿದರೆ, ಪೀಠಕ್ಕೆ ಗ್ರಾನೈಟ್ ಹೊದಿಸಿದರೆ ಬರಹ ಕಣ್ಮರೆಯಾಗುತ್ತದೆ. ಆದ್ದರಿಂದ ಕೆಲಸ ಆರಂಭಿಸುವ ಮೊದಲೇ ಪೀಠ, ಬೆನ್ನು, ಪ್ರಭಾವಳಿಗಳ ಛಾಯಾಚಿತ್ರವನ್ನು ಓರೆ ಬೆಳಕಿನಲ್ಲಿ ತೆಗೆದು, ಶಾಸನತಜ್ಞರಿಗೆ ತೋರಿಸುವುದು ಒಳ್ಳೆಯದು. ಸವೆದ ಅಕ್ಷರಗಳ ಮೇಲೆ ಹೊಸದಾಗಿ ಉಳಿಯಾಡಿಸಬಾರದು.

ದಾನಿಯ ಹೆಸರು ತಾಮ್ರಶಾಸನ, ಕಾವ್ಯ, ವಂಶಾವಳಿಗಳಲ್ಲಿ ಉಳಿದಿರಬಹುದು. ಶಿಲ್ಪಿಯ ಹೆಸರು ಬಹುಮಟ್ಟಿಗೆ ಉಳಿಯುವುದು ಅವನು ಕಡೆದ ಕಲ್ಲಿನಲ್ಲಿಯೇ. ಅದು ಅಲ್ಲಿ ಅಳಿದರೆ ಮತ್ತೆ ದೊರೆಯುವುದು ಕಷ್ಟ.