ಹಳತು ಬೇರೆ, ಹದ ಬೇರೆ

ಹೋಮರನ ಒಡಿಸ್ಸಿಯಲ್ಲಿ ಮುದಿ ರಾಜ ನೆಸ್ಟರ್ ಮನೆಗೆ ಬಂದ ಅತಿಥಿಗೆ ವೈನ್ ಕೊಡುತ್ತಾನೆ. ಅದರ ಜಾಡಿ ತೆರೆದಿದ್ದು ಹನ್ನೊಂದನೇ ವರ್ಷಕ್ಕೆ. ಅಂದರೆ ಎರಡೂವರೆ ಸಾವಿರ ವರ್ಷಕ್ಕೂ ಹಿಂದೆಯೇ ಗ್ರೀಕರಿಗೆ ಹಳೇ ವೈನಿನ ಬೆಲೆ ಗೊತ್ತಿತ್ತು. ಆದರೆ ಅದೇ ನಾಡಿನಲ್ಲಿ ಕಳೆದ ಶತಮಾನದ ಮಧ್ಯದ ಹೊತ್ತಿಗೆ ಹೆಚ್ಚಿನ ವೈನ್ ಪೀಪಾಯಿಯಿಂದಲೇ ಮಾರಾಟವಾಗಿ, ಮುಂದಿನ ಸುಗ್ಗಿಯೊಳಗೆ ಖಾಲಿ. ಅದಕ್ಕೆ ವಯಸ್ಸಾಗೋಕೆ ಯಾರೂ ಬಿಡ್ತಿರಲಿಲ್ಲ.

ರಾಪ್ಸಾನಿ ಅಂತ ಒಂದು ಊರಿದೆ, ಥೆಸಲಿ ಸೀಮೆಯಲ್ಲಿ, ಒಲಿಂಪಸ್ ಬೆಟ್ಟದ ಇಳಿಜಾರಿನಲ್ಲಿ. 1881ರವರೆಗೆ ಆಟೊಮನ್ ಆಳ್ವಿಕೆಯಲ್ಲಿದ್ದ ಸೀಮೆ. ಇಲ್ಲಿನ ಕೆಂಪು ವೈನ್ ಮೂರು ತಳಿಗಳ ಮಿಶ್ರಣ: ಕ್ಸಿನೋಮಾವ್ರೊ, ಕ್ರಾಸಾತೊ, ಸ್ತಾವ್ರೊತೊ. ಇದು ಯಾವುದೋ ಲ್ಯಾಬಿನಲ್ಲಿ ಲೆಕ್ಕ ಹಾಕಿ ಬೆರೆಸಿದ್ದಲ್ಲ. ರೈತರು ಮೂರನ್ನೂ ಒಂದೇ ತೋಟದಲ್ಲಿ ನೆಟ್ಟು, ಒಟ್ಟಿಗೇ ಕೊಯ್ದು, ಒಟ್ಟಿಗೇ ಹುಳಿ ಬರಿಸುತ್ತಿದ್ದರು. ರಾಗಿ ಹೊಲದಲ್ಲಿ ಅವರೆ, ಹುಚ್ಚೆಳ್ಳಿನ ಅಕ್ಕಡಿ ಸಾಲು ನೋಡಿ ಬೆಳೆದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಕ್ಸಿನೋಮಾವ್ರೊ ಅಂದರೆ 'ಹುಳಿ ಕಪ್ಪು'. ಎಳೇದರಲ್ಲಿ ಥೇಟ್ ನೆಲ್ಲಿಕಾಯಿ: ಹುಳಿಯೂ ಹೌದು, ಒಗರೂ ಹೌದು. ಕ್ರಾಸಾತೊ ಬಣ್ಣ, ಮೈ ಕೊಡುತ್ತೆ. ಸ್ತಾವ್ರೊತೊ ಮೆದು ಮಾಡುತ್ತೆ. ವರ್ಷಗಟ್ಟಲೆ ಬಾಟಲಿಯಲ್ಲಿ ಬಾಳಿಸೋದು ಮಾತ್ರ ಆ ಹುಳಿ-ಒಗರೇ.

1971ರಲ್ಲಿ ಸರ್ಕಾರ ರಾಪ್ಸಾನಿ ಹೆಸರಿಗೆ ಕಾನೂನಿನ ರಕ್ಷಣೆ ಕೊಟ್ಟಿತು. ಆದರೂ ತೋಟಗಳು ಸೊರಗಿದವು. 1991ರಲ್ಲಿ ತ್ಸಾಂತಾಲಿ ಕಂಪನಿ ಕೈಹಾಕಿದ ಮೇಲೆ ಮತ್ತೆ ಚಿಗುರಿದವು. ಲೇಬಲ್ಲಿನ ಮೇಲೆ ಪುರಾಣದ ಬೆಟ್ಟ ಇದ್ದರೂ, ಬಾಟಲಿಯಲ್ಲಿ ಹಳೇದಾಗುವ ರಾಪ್ಸಾನಿಯ ಚರಿತ್ರೆ ಹೆಚ್ಚುಕಮ್ಮಿ ನನ್ನ ವಯಸ್ಸಿನದು.

ನಾನು ಇದನ್ನು ಕುಡಿದಿದ್ದು ಗ್ರೀಸಿನಲ್ಲಲ್ಲ, ಆನ್‌ಸೈಟ್ ಹೋಗಿದ್ದಾಗ ಜರ್ಮನಿಯಲ್ಲಿ. 1960ರ ಕಾರ್ಮಿಕ ಒಪ್ಪಂದದಿಂದ ಲಕ್ಷಾಂತರ ಗ್ರೀಕರು ಅಲ್ಲಿಗೆ ಹೋದರು, ಜೊತೆಗೆ ಅವರ ಹೋಟೆಲುಗಳೂ. ಅಂಥದೊಂದು ಹೋಟೆಲಿನ ಯಜಮಾನರು 2008ರ ಸುಗ್ಗಿಯ ಬಾಟಲಿ ತೆಗೆದರು. ಹದಿನೈದು ವರ್ಷ ಆಗಿತ್ತು. ಇನ್ನು ನಾಲ್ಕು ಉಳಿದಿವೆ, ಮಗಳ ಮದುವೆಗೆ ಇಡಲಾ, ಈಗಲೇ ಮುಗಿಸಲಾ ಅನ್ನೋದು ಅವರ ಪ್ರಶ್ನೆ. ಮದುವೆ ಇನ್ನೂ ಗೊತ್ತಾಗಿರಲಿಲ್ಲ!

ಗ್ಲಾಸು ಓರೆ ಮಾಡಿ ಬಿಳೀ ಕರವಸ್ತ್ರದ ಮೇಲೆ ಹಿಡಿದರೆ ಅಂಚು ಇಟ್ಟಿಗೆ ಬಣ್ಣ. ಆದರೆ ಕ್ಸಿನೋಮಾವ್ರೊ ಚಿಕ್ಕ ವಯಸ್ಸಿಗೇ ನರೆತುಬಿಡುತ್ತೆ, ಬಣ್ಣ ನಂಬೋ ಹಾಗಿಲ್ಲ. ಬಾಟಲಿ ತಳದಲ್ಲಿ ಡಿಕಾಕ್ಷನ್ ಚರಟದಂಥ ಗಸಿ, ಅಂದರೆ ಒಗರಿನ ಒಂದು ಪಾಲು ಆಗಲೇ ಕೆಳಗಿಳಿದಿದೆ. ಮೂಗಿಗೆ ತಾಜಾ ಹಣ್ಣಿಲ್ಲ. ಒಣಗಿಸಿದ ಟೊಮ್ಯಾಟೊ, ಆಲಿವ್, ಚೂರು ತಂಬಾಕು. ನಾಲಿಗೆ ಮೇಲೆ ಹುಳಿ ಇನ್ನೂ ನೆಟ್ಟಗೆ ನಿಂತಿತ್ತು, ಒಗರು ಮಾತ್ರ ರೇಷ್ಮೆ.

ನಿಜವಾದ ಪರೀಕ್ಷೆ ಗಾಳಿಯದು. ಅರ್ಧ ಗ್ಲಾಸು ಹಾಗೇ ಬಿಟ್ಟೆ. ಸತ್ತ ವೈನು ಗಾಳಿಗೆ ಬೇಗ ಕುಸಿಯುತ್ತೆ, ಎಳೇದು ಇನ್ನೂ ಅರಳುತ್ತೆ. ಇದು ಒಂದು ಗಂಟೆ ಚೆನ್ನಾಗಿ ನಿಂತು, ಆಮೇಲೆ ನಿಧಾನವಾಗಿ ಹುಳಿಯೊಂದನ್ನೇ ಮುಂದೆ ಮಾಡಿತು. ನನ್ನ ಪ್ರಕಾರ ಇದು ಹದದ ತುದಿ. ಇನ್ನೆರಡು ವರ್ಷ ಇಟ್ಟರೆ ಕೆಡೋಲ್ಲ, ಆದರೆ ಸುಧಾರಿಸೋದೂ ಇಲ್ಲ.

ಹಾಗಂತ ಹೇಳಿದೆ. ಯಜಮಾನರು ಒಪ್ಪಲಿಲ್ಲ, "ಈ ಹುಳಿ ನೋಡಿ, ಇನ್ನೈದು ವರ್ಷ ಆರಾಮಾಗಿ ಎಳೆಯುತ್ತೆ" ಅಂದರು. ಆದರೂ ನೆಲಮಾಳಿಗೆಗೆ ಇಳಿದು ಹೋದವರು, ನಾಲ್ಕರಲ್ಲಿ ಎರಡನ್ನು ಮೇಲೆ ತಂದು ಗಲ್ಲಾದ ಹಿಂದಿನ ಕಪಾಟಿನಲ್ಲಿಟ್ಟರು.