ಮಾಗಿ ಕಳೆದು ವಸಂತ ಬರುವಾಗ: ಮಧ್ಯಯುಗದ ಮಠಗಳಲ್ಲಿ ತಪಸ್ಸುಕಾಲ

ತಪಸ್ಸುಕಾಲವು ನಮ್ಮ ನಾಡಿಗೆ ಬಿಸಿಲಿನೊಂದಿಗೆ ಬರುತ್ತದೆ. ವಿಭೂತಿ ಬುಧವಾರದಂದು ಹಣೆಗೆ ಬೂದಿ ಹಚ್ಚಿಸಿಕೊಂಡು ನಾವು ದೇವಾಲಯದಿಂದ ಹೊರಬರುವ ವೇಳೆಗೆ ಸುಗ್ಗಿ ಮುಗಿದಿರುತ್ತದೆ. ಮನೆಗಳಲ್ಲಿ ಹೊಸ ಧಾನ್ಯ ಸೇರಿರುತ್ತದೆ. ಮಾವಿನ ಮರಗಳು ಮಿಡಿಗಟ್ಟುತ್ತಿರುತ್ತವೆ. ಆದುದರಿಂದ ಉಪವಾಸವೆಂದರೆ ಮನೆಯಲ್ಲಿ ಇರುವುದನ್ನು ನಾವೇ ಮನಸ್ಸು ಮಾಡಿ ಬಿಡುವುದು ಎಂಬುದೇ ನಮ್ಮ ತಿಳಿವಳಿಕೆ. ಆದರೆ ಈ ಪವಿತ್ರ ಕಾಲದ ಎಷ್ಟೋ ಆಚರಣೆಗಳು ಬೆಳೆದು ನೆಲೆನಿಂತದ್ದು ಬೇರೊಂದು ಹವೆಯಲ್ಲಿ. ಮಧ್ಯಯುಗದ ಯೂರೋಪಿನಲ್ಲಿ ತಪಸ್ಸುಕಾಲವು ಚಳಿಗಾಲದ ಕೊನೆಯಲ್ಲಿ ಆರಂಭವಾಗಿ ವಸಂತದಲ್ಲಿ ಮುಗಿಯುತ್ತಿತ್ತು. ಇಂಗ್ಲಿಷಿನಲ್ಲಿ ಅದಕ್ಕಿರುವ ‘ಲೆಂಟ್’ ಎಂಬ ಹೆಸರಿಗೆ ಮೂಲದಲ್ಲಿ ವಸಂತವೆಂದೇ ಅರ್ಥ. ಹಗಲು ದೀರ್ಘವಾಗುವುದನ್ನು ಆ ಪದವು ಸೂಚಿಸುತ್ತದೆ.

ಹೊರಗೆ ಬೆಳಕು ಹೆಚ್ಚುತ್ತಿದ್ದ ಆ ವಾರಗಳಲ್ಲಿಯೇ ಅಲ್ಲಿನ ಬಡವರ ಮನೆಗಳಲ್ಲಿ ಆಹಾರ ಕಡಿಮೆಯಾಗುತ್ತಿತ್ತು. ಪ್ರಕೃತಿ ನಗುವ ಕಾಲ, ಹೊಟ್ಟೆ ಅಳುವ ಕಾಲ, ಎರಡೂ ಒಂದೇ ಆಗಿತ್ತು. ಅಂತಹ ದಿನಗಳನ್ನು ಮಠಗಳ ಸನ್ಯಾಸಿಗಳು ಹೇಗೆ ಕಳೆದರು ಎಂಬುದನ್ನು ಅರಿತರೆ, ನಮ್ಮ ಉಪವಾಸದ ಅರ್ಥವೂ ಇನ್ನಷ್ಟು ತಿಳಿಯಾದೀತು.

ಸೂರ್ಯನೇ ಗಡಿಯಾರ

ಸುಮಾರು 480ರಲ್ಲಿ ಇಟಲಿಯ ನೂರ್ಸಿಯಾದಲ್ಲಿ ಜನಿಸಿ, ಮೊಂತೆ ಕಸೀನೋ ಬೆಟ್ಟದ ಮೇಲೆ ಮಠವನ್ನು ಕಟ್ಟಿದ ಸಂತ ಬೆನೆಡಿಕ್ಟರು ತಮ್ಮ ಸಹೋದರರಿಗಾಗಿ 73 ಅಧ್ಯಾಯಗಳ ಒಂದು ನಿಯಮಾವಳಿಯನ್ನು ಬರೆದರು. ಕಾಲಾಂತರದಲ್ಲಿ ಪಶ್ಚಿಮ ಯೂರೋಪಿನ ಬಹುಪಾಲು ಮಠಗಳು ಅದನ್ನೇ ಅನುಸರಿಸಿದವು. ಪ್ರಾರ್ಥನೆ, ದುಡಿಮೆ, ಓದು, ಊಟ, ನಿದ್ರೆ ಎಲ್ಲವನ್ನೂ ಆ ನಿಯಮಾವಳಿಯು ಋತುಮಾನಕ್ಕೆ ಹೊಂದಿಸುತ್ತದೆ ಎಂಬುದು ಗಮನಾರ್ಹ.

ಆಗಿನ ಲೆಕ್ಕದಲ್ಲಿ ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು 12 ಸಮಭಾಗ ಮಾಡುತ್ತಿದ್ದರು; ರಾತ್ರಿಯನ್ನೂ ಹಾಗೆಯೇ. ಹೀಗಾಗಿ ಒಂದು ತಾಸಿನ ಅಳತೆ ವರ್ಷವಿಡೀ ಒಂದೇ ಆಗಿರುತ್ತಿರಲಿಲ್ಲ. ಉತ್ತರ ಯೂರೋಪಿನಲ್ಲಿ ಡಿಸೆಂಬರ್ ತಿಂಗಳ ಹಗಲು ಸುಮಾರು ಎಂಟು ಗಂಟೆ ಮಾತ್ರ. ಆಗ ಹಗಲಿನ ಒಂದು ತಾಸು ನಮ್ಮ ಗಡಿಯಾರದ 40 ನಿಮಿಷಗಳಷ್ಟೇ. ಮಾರ್ಚ್ ತಿಂಗಳ ಮೂರನೆಯ ವಾರ ಹಗಲಿರುಳು ಸಮವಾದಾಗ ಅದು 60 ನಿಮಿಷಗಳಾಗುತ್ತಿತ್ತು. ಚಳಿಗಾಲ ಕಳೆದಂತೆ ಸನ್ಯಾಸಿಯ ದುಡಿಮೆಯ ಹೊತ್ತು ತಾನಾಗಿಯೇ ಹಿಗ್ಗುತ್ತಿತ್ತು.

ನವೆಂಬರ್ 1ರಿಂದ ಪಾಸ್ಖ ಹಬ್ಬದವರೆಗೆ ಸಹೋದರರು ರಾತ್ರಿಯ ಎಂಟನೆಯ ತಾಸಿಗೆ, ಅಂದರೆ ಸುಮಾರು ಎರಡು ಗಂಟೆಗೆ, ಎದ್ದು ಜಾಗರಣೆಯ ಪ್ರಾರ್ಥನೆಗೆ ಸೇರಬೇಕೆಂದು ಬೆನೆಡಿಕ್ಟರು ವಿಧಿಸಿದರು. ಅರ್ಧರಾತ್ರಿ ಮೀರುವಷ್ಟು ವಿಶ್ರಾಂತಿಯಾಗಿ, ಉಂಡದ್ದು ಜೀರ್ಣವಾಗಿರಲಿ ಎಂಬ ತಾಯ್ತನದ ಕಾಳಜಿಯನ್ನೂ ಅವರು ಅಲ್ಲಿಯೇ ಹೇಳಿದ್ದಾರೆ. ಪ್ರಾರ್ಥನೆಯ ಬಳಿಕ ಬೆಳಗಿನವರೆಗೆ ಉಳಿದ ಸಮಯ ಕೀರ್ತನೆಗಳನ್ನು ಕಲಿಯುವುದಕ್ಕೆ. ಪಾಸ್ಖ ಕಳೆದು ರಾತ್ರಿ ಚಿಕ್ಕದಾದಾಗ ಆ ಬಿಡುವು ಇಲ್ಲವಾಗುತ್ತಿತ್ತು. ಜಾಗರಣೆಯ ಹಿಂದೆಯೇ ಬೆಳಗಿನ ಪ್ರಾರ್ಥನೆ ಬರುತ್ತಿತ್ತು.

ಚಳಿಯಲ್ಲಿ ಮರಗಟ್ಟಿದ ಬೆರಳು

ಇಟಲಿಯ ಬೆಟ್ಟದ ಮೇಲೆ ಬರೆದ ಈ ನಿಯಮಾವಳಿಯನ್ನು ನಾರ್ಮಂಡಿ, ಇಂಗ್ಲೆಂಡ್, ಜರ್ಮನಿಯ ಕೊರೆಯುವ ಚಳಿಯಲ್ಲಿ ಪಾಲಿಸುವುದು ಸುಲಭದ ಮಾತಾಗಿರಲಿಲ್ಲ. ಕಲ್ಲಿನ ದೇವಾಲಯದಲ್ಲಿ ಬೆಂಕಿ ಕಾಯಿಸುವ ಏರ್ಪಾಡಿರಲಿಲ್ಲ. ಅಡುಗೆಮನೆ ಮತ್ತು ರೋಗಿಗಳ ಕೋಣೆಯನ್ನು ಬಿಟ್ಟರೆ ಸಾಮಾನ್ಯವಾಗಿ ಒಂದೇ ಒಂದು ಬೆಚ್ಚನೆಯ ಕೋಣೆಯಲ್ಲಿ ಸಹೋದರರು ಸ್ವಲ್ಪ ಹೊತ್ತು ಕೈಕಾಲು ಕಾಯಿಸಿಕೊಳ್ಳುತ್ತಿದ್ದರು. ಚಳಿ ಪ್ರದೇಶಗಳಲ್ಲಿ ಹೆಚ್ಚು ಬಟ್ಟೆ ಬೇಕಾದೀತು, ಅದನ್ನು ಮಠಾಧಿಪತಿಯೇ ವಿವೇಚಿಸಲಿ ಎಂದು ಬೆನೆಡಿಕ್ಟರು ಮೊದಲೇ ಅವಕಾಶ ಮಾಡಿಕೊಟ್ಟಿದ್ದರು. ಚಳಿಗಾಲಕ್ಕೆ ದಪ್ಪ ನಿಲುವಂಗಿ, ಬೇಸಗೆಗೆ ತೆಳುವಾದದ್ದು. ಹೊಸ ಬಟ್ಟೆ ಪಡೆದವನು ಹಳೆಯದನ್ನು ಒಡನೆಯೇ ಹಿಂದಿರುಗಿಸಬೇಕು; ಅದು ಬಡವರಿಗೆ ಸೇರಬೇಕು.

ಆ ಚಳಿಯ ನೆನಪನ್ನು ನಮಗೆ ಉಳಿಸಿಕೊಟ್ಟವರಲ್ಲಿ ಆರ್ಡರಿಕ್ ವಿಟಾಲಿಸ್ ಒಬ್ಬರು. 1075ರಲ್ಲಿ ಇಂಗ್ಲೆಂಡಿನ ಶ್ರೂಸ್‌ಬರಿಯ ಸಮೀಪ ಹುಟ್ಟಿದ ಅವರನ್ನು ತಂದೆಯು ಹತ್ತನೆಯ ವಯಸ್ಸಿನಲ್ಲಿ ಸಮುದ್ರದಾಚೆಯ ನಾರ್ಮಂಡಿಯ ಸೆಂಟ್ ಎವ್ರೂಲ್ ಮಠಕ್ಕೆ ಒಪ್ಪಿಸಿದರು. ಐಗುಪ್ತ ದೇಶಕ್ಕೆ ಹೋದ ಜೋಸೆಫನಂತೆ ತಿಳಿಯದ ಭಾಷೆಯ ನಡುವೆ ಬಂದು ನಿಂತೆನೆಂದು ಮುಂದೆ ಮುಪ್ಪಿನಲ್ಲಿ ಅವರು ನೆನೆದುಕೊಂಡಿದ್ದಾರೆ. ಧರ್ಮಸಭೆಯ ಚರಿತ್ರೆಯನ್ನು 13 ಸಂಪುಟಗಳಲ್ಲಿ ಬರೆದ ಈ ಸನ್ಯಾಸಿ, ನಾಲ್ಕನೆಯ ಸಂಪುಟದ ಕೊನೆಗೆ ಲೇಖನಿಯನ್ನು ಕೆಳಗಿಡುತ್ತಾರೆ. ಚಳಿಯಿಂದ ಮೈ ಮರಗಟ್ಟಿದೆ, ಉಳಿದುದನ್ನು ವಸಂತ ಬಂದಾಗ ಬರೆಯುವೆ ಎಂಬುದು ಅವರು ಕೊಡುವ ಕಾರಣ. ಮಹಾಗ್ರಂಥವೊಂದು ಬೆರಳುಗಳ ಬಿಸುಪಿಗಾಗಿ ಕಾಯಬೇಕಾಯಿತು! ಋತುವಿನ ಮುಂದೆ ತಲೆಬಾಗಿ, ಕಾಯಲು ಒಪ್ಪುವುದೂ ಆ ಬದುಕಿನ ಒಂದು ತಪಸ್ಸೇ ಆಗಿತ್ತು.

ಒಂದು ಪುಸ್ತಕ, ಒಂದು ಊಟ

ತಪಸ್ಸುಕಾಲ ಬಂದೊಡನೆ ಮಠದ ದಿನಚರಿ ಬದಲಾಗುತ್ತಿತ್ತು. ಬೆಳಗಿನಿಂದ ಮೂರನೆಯ ತಾಸು ಮುಗಿಯುವವರೆಗೆ ಓದು, ಅನಂತರ ಹತ್ತನೆಯ ತಾಸಿನವರೆಗೆ ದುಡಿಮೆ. ಪ್ರತಿಯೊಬ್ಬ ಸಹೋದರನಿಗೂ ಗ್ರಂಥಾಲಯದಿಂದ ಒಂದು ಪುಸ್ತಕ. ಅದನ್ನು ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಓದಬೇಕು. ಒಬ್ಬಿಬ್ಬರು ಹಿರಿಯರು ಮಠದಲ್ಲಿ ಸುತ್ತಾಡಿ, ಯಾರಾದರೂ ಓದದೆ ಹರಟುತ್ತಿದ್ದಾರೆಯೇ ಎಂದು ನೋಡಬೇಕು. 1070ರಿಂದ 1089ರವರೆಗೆ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷರಾಗಿದ್ದ ಲ್ಯಾನ್‌ಫ್ರಾಂಕರು ತಮ್ಮ ಸನ್ಯಾಸಿಗಳಿಗಾಗಿ ಬರೆದ ನಿಬಂಧನೆಗಳಲ್ಲಿ ಈ ಪದ್ಧತಿಯ ವಿವರವಿದೆ. ತಪಸ್ಸುಕಾಲದ ಮೊದಲ ಭಾನುವಾರದ ಮರುದಿನ ಸಭೆಯಲ್ಲಿ ಜಮಖಾನೆಯ ಮೇಲೆ ಪುಸ್ತಕಗಳನ್ನು ಹರಡಿರುತ್ತಿದ್ದರು. ಕಳೆದ ವರ್ಷ ಯಾರಿಗೆ ಯಾವ ಪುಸ್ತಕ ಕೊಟ್ಟಿತ್ತೆಂದು ಪಟ್ಟಿ ಓದುತ್ತಿದ್ದರು. ಒಬ್ಬೊಬ್ಬರಾಗಿ ಅದನ್ನು ಹಿಂದಿರುಗಿಸಬೇಕು. ಓದಿ ಮುಗಿಸದವನು ಅಡ್ಡಬಿದ್ದು ಕ್ಷಮೆ ಕೇಳಬೇಕು.

ಊಟದ ವಿಷಯವಂತೂ ಇನ್ನೂ ಕಠಿಣ. ಪಾಸ್ಖದಿಂದ ಪಂಚಾಶತ್ತಮ ಹಬ್ಬದವರೆಗೆ ಮಧ್ಯಾಹ್ನ ಹಾಗೂ ಸಂಜೆ ಎರಡು ಊಟ. ಸೆಪ್ಟೆಂಬರ್ ಮಧ್ಯದಿಂದ ತಪಸ್ಸುಕಾಲದವರೆಗೆ ಒಂಬತ್ತನೆಯ ತಾಸಿಗೆ ಒಂದೇ ಊಟ. ತಪಸ್ಸುಕಾಲದಲ್ಲಿ ಆ ಒಪ್ಪೊತ್ತಿನ ಊಟವೂ ಸಂಜೆಗೆ ಜರುಗುತ್ತಿತ್ತು. ಆದರೆ ದೀಪ ಹಚ್ಚುವ ಮುನ್ನ, ಹಗಲ ಬೆಳಕಿನಲ್ಲಿಯೇ ಅದು ಮುಗಿಯುವಂತೆ ಸಂಜೆಯ ಪ್ರಾರ್ಥನೆಯನ್ನು ಹೊಂದಿಸಿಕೊಳ್ಳಬೇಕೆಂದು ನಿಯಮಾವಳಿ ಹೇಳುತ್ತದೆ. ದುಡಿಮೆಯ ತಾಸುಗಳು ಹಿಗ್ಗುತ್ತಿದ್ದಂತೆಯೇ ಅನ್ನಕ್ಕೆ ಕಾಯುವ ತಾಸುಗಳೂ ಹಿಗ್ಗುತ್ತಿದ್ದವು. ಇದರ ಮೇಲೆ ಪ್ರತಿಯೊಬ್ಬನೂ ತನ್ನ ಆಹಾರ, ಪಾನೀಯ, ನಿದ್ರೆ, ಮಾತುಗಳಲ್ಲಿ ಸ್ವಲ್ಪವನ್ನು ಬಿಟ್ಟು ದೇವರಿಗೆ ಅರ್ಪಿಸಲಿ ಎಂದು ಬೆನೆಡಿಕ್ಟರು ಬಯಸಿದರು. ಅದು ಮಠಾಧಿಪತಿಯ ಸಮ್ಮತಿ ಪಡೆದಿರಬೇಕು. ಇಲ್ಲವಾದರೆ ಅದು ಗರ್ವಕ್ಕೆ ದಾರಿ. ಪಾಸ್ಖ ಹಬ್ಬವನ್ನು ಆನಂದದಿಂದ ಎದುರುನೋಡುವುದೇ ಈ ತ್ಯಾಗದ ಗುರಿ ಎಂಬುದನ್ನು ಅವರು ಮರೆಯಲಿಲ್ಲ.

ಬರಿದಾಗುವ ಕಣಜ

ಈಗ ಮಠದ ಗೋಡೆಯಾಚೆಗೆ ನೋಡೋಣ. ಆ ನಾಡುಗಳಲ್ಲಿ ಶರತ್ಕಾಲದಲ್ಲಿ ಬಿತ್ತಿದ ಗೋದಿ ಮತ್ತು ರೈ ಧಾನ್ಯದ ಕೊಯ್ಲು ಜುಲೈ, ಆಗಸ್ಟ್ ತಿಂಗಳುಗಳಲ್ಲಿ. ಮಾರ್ಚ್ ಬರುವ ವೇಳೆಗೆ ಹಿಂದಿನ ವರ್ಷದ ಧಾನ್ಯ ತಳಮುಟ್ಟುತ್ತಿತ್ತು. ಉಳಿದಿದ್ದ ಬಾರ್ಲಿ, ಓಟ್ಸ್, ಬಟಾಣಿಗಳನ್ನೂ ತಿನ್ನುವಂತಿರಲಿಲ್ಲ. ವಸಂತದ ಬಿತ್ತನೆಗೆ ಬೀಜ ಬೇಕಾಗಿತ್ತು. ಬೀಜ ತಿಂದ ಮನೆಗೆ ಮುಂದಿನ ವರ್ಷ ಅನ್ನವಿಲ್ಲ ಎಂಬ ಮಾತು ನಮ್ಮ ರೈತರಿಗೂ ತಿಳಿದದ್ದೇ. ಹೊಲದಲ್ಲಿ ಹಸಿರು ಚಿಗುರುತ್ತಿದ್ದರೂ ಅದು ರೊಟ್ಟಿಯಾಗಲು ಇನ್ನೂ ನಾಲ್ಕೈದು ತಿಂಗಳು ಬೇಕು. ಸನ್ಯಾಸಿಯು ಇಚ್ಛೆಯಿಂದ ಒಪ್ಪಿಕೊಂಡ ಹಸಿವನ್ನು ಬಡರೈತನು ವಿಧಿಯಿಲ್ಲದೆ ಅನುಭವಿಸುತ್ತಿದ್ದನು.

ಚರಿತ್ರೆಯನ್ನು ಸತ್ಯವಾಗಿ ಹೇಳಬೇಕಾದರೆ ಇನ್ನೊಂದು ಮಾತನ್ನೂ ಸೇರಿಸಬೇಕು. ಎಷ್ಟೋ ಮಠಗಳು ದೊಡ್ಡ ಭೂಮಾಲೀಕರೂ ಆಗಿದ್ದವು. ಅವುಗಳ ಕಣಜಕ್ಕೆ ಬಂದ ಧಾನ್ಯದಲ್ಲಿ ರೈತರ ಗೇಣಿಯೂ ದಶಾಂಶವೂ ಇದ್ದವು. ತಮ್ಮ ಜಮೀನನ್ನು ವಿಸ್ತರಿಸುವ ಭರದಲ್ಲಿ ಹಳ್ಳಿಗರನ್ನು ಒಕ್ಕಲೆಬ್ಬಿಸಿದ ಮಠಗಳೂ ಉಂಟು. ಅದಕ್ಕಾಗಿ ಆ ಕಾಲದವರೇ ಸನ್ಯಾಸಿಗಳನ್ನು ಟೀಕಿಸಿದ್ದಾರೆ. ಹೀಗಿರುವಾಗ ಮಠದೊಳಗಿನ ಉಪವಾಸ ನಿಜವಾದುದೋ ಅಲ್ಲವೋ ಎಂಬುದನ್ನು ತೀರ್ಮಾನಿಸುತ್ತಿದ್ದುದು ಮಠದ ಬಾಗಿಲು. ಐದನೆಯ ಶತಮಾನದಲ್ಲಿಯೇ ಜಗದ್ಗುರು ಮಹಾ ಸಂತ ಲಿಯೋರವರು ತಮ್ಮ ತಪಸ್ಸುಕಾಲದ ಪ್ರಬೋಧನೆಗಳಲ್ಲಿ, ಉಪವಾಸದಿಂದ ಉಳಿದದ್ದು ಬಡವರ ಪಾಲಾಗಬೇಕೆಂದು ಬೋಧಿಸಿದ್ದರು. ಬೆನೆಡಿಕ್ಟರು ಬಾಗಿಲು ಕಾಯಲು ವಿವೇಕಿಯಾದ ಒಬ್ಬ ವೃದ್ಧನನ್ನೇ ನೇಮಿಸಬೇಕೆಂದರು. ಬಡವನ ದನಿ ಕೇಳಿದೊಡನೆ ಅವನು ದೇವರಿಗೆ ಕೃತಜ್ಞತೆ ಹೇಳಿ ಎದ್ದು ಬರಬೇಕು. ಬಡವರಲ್ಲಿಯೂ ಯಾತ್ರಿಕರಲ್ಲಿಯೂ ಕ್ರಿಸ್ತರೇ ವಿಶೇಷವಾಗಿ ಸ್ವಾಗತ ಪಡೆಯುತ್ತಾರೆಂಬುದು ಅವರ ನಂಬಿಕೆ.

1197ರ ಕ್ಷಾಮ

ಆ ಬಾಗಿಲಿನ ಪರೀಕ್ಷೆಗೆ ಜರ್ಮನಿಯ ರೈನ್ ನದಿಯ ಸಮೀಪದ ಹೈಸ್ಟರ್‌ಬಾಖ್ ಮಠ ಒಂದು ಉದಾಹರಣೆ. ಬೆನೆಡಿಕ್ಟರ ನಿಯಮಾವಳಿಯನ್ನು ಕಟ್ಟುನಿಟ್ಟಾಗಿ ಪಾಲಿಸಲು 1098ರಲ್ಲಿ ಫ್ರಾನ್ಸಿನ ಸಿಟೋದಲ್ಲಿ ಆರಂಭವಾದ ಸಿಸ್ಟರ್ಸಿಯನ್ ಸಭೆಗೆ ಸೇರಿದ ಈ ಮಠವು 1189ರಲ್ಲಿ ಸ್ಥಾಪನೆಗೊಂಡಿತ್ತು. ಎಂಟು ವರ್ಷಗಳ ಬಳಿಕ, 1197ರಲ್ಲಿ, ಆ ಸೀಮೆಯನ್ನು ಭೀಕರ ಕ್ಷಾಮ ಆವರಿಸಿತು. 1199ರಲ್ಲಿ ಅದೇ ಮಠವನ್ನು ಸೇರಿ, ಮುಂದೆ ನವಶಿಷ್ಯರ ಗುರುಗಳಾದ ಸೀಸೇರಿಯಸ್ ಎಂಬವರು ಆ ದಿನಗಳ ವೃತ್ತಾಂತವನ್ನು ತಮ್ಮ ‘ಪವಾಡಗಳ ಸಂವಾದ’ ಎಂಬ ಗ್ರಂಥದಲ್ಲಿ ದಾಖಲಿಸಿದ್ದಾರೆ.

ಅವರು ಬರೆದಿರುವ ಪ್ರಕಾರ, ಒಂದೇ ದಿನ ಮಠದ ಬಾಗಿಲಲ್ಲಿ 1500 ಮಂದಿಗೆ ದಾನ ನೀಡಿದ್ದುಂಟು. ಮಠವೇ ಇನ್ನೂ ಎಳೆಯದು, ಬಡತನದ್ದು. ಆದರೂ ಮಠಾಧಿಪತಿ ಗೆವಾರ್ಡರು, ಮಾಂಸ ತಿನ್ನಲು ಅನುಮತಿಯಿದ್ದ ದಿನಗಳಲ್ಲಿ ದಿನಕ್ಕೊಂದು ಎತ್ತನ್ನು ಮೂರು ಕೊಪ್ಪರಿಗೆಗಳಲ್ಲಿ ಸೊಪ್ಪುಸದೆಗಳೊಂದಿಗೆ ಬೇಯಿಸಿ, ರೊಟ್ಟಿಯ ಜೊತೆ ಬಡವರಿಗೆ ಹಂಚಿಸಿದರು. ಇಲ್ಲಿ ಒಂದನ್ನು ನೆನಪಿಡಬೇಕು: ಚತುಷ್ಪಾದಿಗಳ ಮಾಂಸವನ್ನು ನಿಯಮಾವಳಿಯು ಬಹಳ ನಿಶ್ಶಕ್ತರಾದ ರೋಗಿಗಳಿಗೆ ಹೊರತು ಸನ್ಯಾಸಿಗಳಿಗೆ ಅನುಮತಿಸುವುದಿಲ್ಲ. ತಾವು ಮುಟ್ಟದ ಊಟವನ್ನು ಅವರು ಬಾಗಿಲಲ್ಲಿ ನಿಂತವರಿಗಾಗಿ ಬೇಯಿಸಿದರು.

ಕಣಜದಲ್ಲಿರುವುದು ಕೊಯ್ಲಿನವರೆಗೆ ಸಾಲದೇನೋ ಎಂಬ ಭಯ ಮಠಾಧಿಪತಿಗೆ ಇದ್ದೇ ಇತ್ತು. ಬಡವರಿಗೆ ಕೊಡುವ ರೊಟ್ಟಿ ತೀರ ದೊಡ್ಡದಾಗಿದೆಯೆಂದು ಅವರು ರೊಟ್ಟಿ ಸುಡುವ ಸಹೋದರನನ್ನು ಗದರಿದರಂತೆ. ಹಿಟ್ಟಿನಲ್ಲಿ ಅವು ಬಹಳ ಚಿಕ್ಕವೇ ಸ್ವಾಮಿ, ಒಲೆಗೆ ಹೋಗುವಾಗ ಚಿಕ್ಕವು, ಬರುವಾಗ ದೊಡ್ಡವು ಎಂದು ಅವನು ಉತ್ತರಿಸಿದನಂತೆ. ಸೀಸೇರಿಯಸರು ಇದನ್ನು ಪವಾಡವೆಂದೇ ಬರೆದಿದ್ದಾರೆ. ಓದುಗರು ಅದನ್ನು ಹೇಗೆ ಬೇಕಾದರೂ ತಿಳಿಯಲಿ; ಲೆಕ್ಕ ಹಾಕುವ ಹಿರಿಯನ ಆತಂಕ, ಕೈಬಿಚ್ಚಿ ಕೊಡುವ ಕಿರಿಯನ ಧೈರ್ಯ, ಇವೆರಡೂ ಪ್ರತಿಯೊಂದು ಮನೆಯ ಅಡುಗೆಮನೆಯಲ್ಲಿಯೂ ಇರುವಂಥವೇ. ಬಂದ ಬಡವರಿಗೆಲ್ಲ ಕೊಯ್ಲಿನವರೆಗೆ ಆಹಾರ ದೊರಕಿತು ಎಂದು ಆ ವೃತ್ತಾಂತ ಮುಗಿಯುತ್ತದೆ.

ಪಾಸ್ಖದ ಬೆಳಗು

ಪವಿತ್ರ ಗುರುವಾರದಂದು ಸಿಸ್ಟರ್ಸಿಯನ್ ಮಠಗಳಲ್ಲಿ ದ್ವಾರಪಾಲಕನು, ಮಠದಲ್ಲಿ ಎಷ್ಟು ಮಂದಿ ಸನ್ಯಾಸಿಗಳಿದ್ದರೋ ಅಷ್ಟೇ ಮಂದಿ ಬಡವರನ್ನು ಒಳಕ್ಕೆ ಕರೆತರುತ್ತಿದ್ದನು. ಒಬ್ಬೊಬ್ಬ ಸನ್ಯಾಸಿಯೂ ಒಬ್ಬೊಬ್ಬ ಬಡವನ ಪಾದ ತೊಳೆಯುತ್ತಿದ್ದನು. ಚಳಿಗಾಲವಿಡೀ ಬಾಗಿಲಾಚೆ ನಿಂತವರು ಅಂದು ಮಠದೊಳಗೆ ಆಸೀನರಾಗುತ್ತಿದ್ದರು. ಬಳಿಕ ಪಾಸ್ಖ ಜಾಗರಣೆಯ ರಾತ್ರಿ, ಹಲವು ವಾರಗಳಿಂದ ಮೌನವಾಗಿದ್ದ ‘ಅಲ್ಲೆಲೂಯ’ ಮತ್ತೆ ಮೊಳಗುತ್ತಿತ್ತು. ಮರುದಿನದಿಂದ ಎರಡು ಹೊತ್ತಿನ ಊಟ, ಹೊರಗೆ ಚಿಗುರಿದ ಮರಗಳು, ಉದ್ದನೆಯ ಹಗಲು.

ಹೈಸ್ಟರ್‌ಬಾಖ್ ಮಠವನ್ನು 1803ರಲ್ಲಿ ಮುಚ್ಚಲಾಯಿತು. ಅನಂತರ ಅದರ ದೇವಾಲಯವನ್ನು ಕೆಡವಿ ಕಲ್ಲುಗಳನ್ನು ಮಾರಿದರು. ಇಂದು ಅಲ್ಲಿ ಉಳಿದಿರುವುದು ಪೀಠದ ಹಿಂಭಾಗದ ಕಮಾನುಗಳಷ್ಟೇ. ಕಣಜವೂ ಇಲ್ಲ, ಕೊಪ್ಪರಿಗೆಗಳೂ ಇಲ್ಲ. ಆದರೆ ಎಂಟುನೂರು ವರ್ಷಗಳ ಹಿಂದೆ ಆ ಬಾಗಿಲಲ್ಲಿ ರೊಟ್ಟಿ ದೊರೆಯಿತು ಎಂಬ ನೆನಪು ಉಳಿದಿದೆ.

ನಮ್ಮ ಮನೆಗಳಲ್ಲಿಯೂ ತಪಸ್ಸುಕಾಲದಲ್ಲಿ ಮಾಂಸ ಬಿಡುತ್ತೇವೆ, ಶುಕ್ರವಾರ ಒಪ್ಪೊತ್ತು ಇರುತ್ತೇವೆ, ಶಿಲುಬೆಯ ಹಾದಿಯಲ್ಲಿ ಭಾಗವಹಿಸುತ್ತೇವೆ. ಇವೆಲ್ಲವೂ ಒಳ್ಳೆಯವು. ಆದರೆ ಮಾಂಸ ತರದೆ ಉಳಿದ ಹಣ ಯಾರ ಮನೆಯ ಒಲೆ ಹೊತ್ತಿಸಿತು? ಪಾಸ್ಖದ ಹಬ್ಬದೂಟಕ್ಕೆ ಅದು ಕೂಡಿಬಿದ್ದರೆ ನಾವು ಊಟವನ್ನು ಮುಂದೂಡಿದೆವೇ ಹೊರತು ಉಪವಾಸ ಮಾಡಲಿಲ್ಲ. ಕೆಲಸ ಸಿಗದೆ ಬೇಸಗೆ ಕಳೆಯುವ ಕೂಲಿಕಾರರ ಕುಟುಂಬ, ಔಷಧಿಗೂ ಅನ್ನಕ್ಕೂ ನಡುವೆ ಒಂದನ್ನು ಆಯ್ದುಕೊಳ್ಳಬೇಕಾದ ಮುದುಕರು ನಮ್ಮ ಧರ್ಮಕೇಂದ್ರಗಳ ಎಲ್ಲೆಯೊಳಗೇ ಇದ್ದಾರೆ. ಅವರು ಬಾಗಿಲು ತಟ್ಟುವವರೆಗೆ ಕಾಯದೆ, ಈ ವಾರ ಉಳಿದುದನ್ನು ಈ ವಾರವೇ ತಲುಪಿಸೋಣ.